ಬಾನೆಟ್ ಮುಚ್ಚಿದ ಮೇಲೆ

ಗೌರಿಬಿದನೂರು
16-5-1993, ಭಾನುವಾರ

ಸವಿತಳ ಅಪ್ಪನಿಗೆ,

ಮೊದಲ ಸಾಲಿನಲ್ಲಿ ಗಂಡನ ಪಾದಗಳಿಗೆ ನಮಸ್ಕಾರ ಬರೆಯಬೇಕೆಂದು ಅಮ್ಮ ಪಕ್ಕದಲ್ಲೇ ಕೂತು ಹೇಳಿಕೊಡುತ್ತಿದ್ದಾಳೆ. ಆ ಪಾದಗಳು ಈಚೆಗೆ ಎಲ್ಲೆಲ್ಲಿ ಓಡಾಡಿವೆ ಎಂಬುದು ಪೂರ್ತಿ ತಿಳಿಯುವ ತನಕ ನಮಸ್ಕಾರ ಹಾಗೇ ಇರಲಿ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಸವಿತ ನನ್ನ ತಮ್ಮನ ಮಕ್ಕಳ ಜೊತೆ ಬಿಸಿಲಲ್ಲಿ ಅಲೆದು ಕರ್ರಗಾಗಿದ್ದಾಳೆ. ದಿನಕ್ಕೊಂದು ಸಲ, ಸ್ಕೂಲು ಶುರುವಾಗುವುದರೊಳಗೆ ಚಿಕ್ಕಬಳ್ಳಾಪುರಕ್ಕೆ ಹೋಗುತ್ತೇವಾ ಇಲ್ಲವಾ ಎಂದು ಕೇಳುತ್ತಾಳೆ. ನಿಮ್ಮಪ್ಪನನ್ನು ಕೇಳು ಅನ್ನುತ್ತೇನೆ.

ನಿಮ್ಮ ಕಾರ್ಡು ಮಂಗಳವಾರ ಬಂತು. ಅಂಥ ಮಾತನ್ನು ಕಾರ್ಡಿನಲ್ಲಿ ಬರೆಯುತ್ತಾರೆಯೇ? ಪೋಸ್ಟ್‌ಮ್ಯಾನ್ ಓದಿ, ಹಿಟ್ಟಿನ ಗಿರಣಿಯವನು ಓದಿ, ನನ್ನ ತಮ್ಮ ಆವುಲಪ್ಪ ಓದಿ, ಎಲ್ಲರದೂ ಆದ ಮೇಲೆ ನನ್ನ ಕೈಗೆ ಬಂತು. ರಾಗಿ ಬೀಸಿಸಲು ಹೋದರೆ ಗಿರಣಿಯವನು, "ಏನಕ್ಕಾ, ಭಾವ ಅಂಗಡಿ ಮುಚ್ತಾರಂತೆ?" ಎಂದು ಹತ್ತು ಜನರ ಮುಂದೆ ಕೇಳಿದ. ನೀವು ಬರೆದದ್ದು ನಾಲ್ಕೇ ಸಾಲು. ನೀನು ಹೇಳಿದ್ದೇ ಸರಿ. ಆ ಕಾರು ಮತ್ತೆ ಕಾದು ನಿಂತಿತು. ಇನ್ನು ನನ್ನ ಕೈಯಲ್ಲಿ ಆಗುವುದಿಲ್ಲ. ತಿಂಗಳ ಕೊನೆಗೆ ಅಂಗಡಿಯನ್ನು ಎದುರಂಗಡಿಯ ವೆಂಕಟರವಣಪ್ಪನಿಗೆ ಬಿಟ್ಟು ಯಾವುದಾದರೂ ಫ್ಯಾಕ್ಟರಿಯಲ್ಲಿ ವೈರ್‌ಮನ್ ಕೆಲಸ ಹುಡುಕುತ್ತೇನೆ.

ಓದಿ ನನಗೆ ಮೊದಲು ಬಂದದ್ದು ಕೋಪ. ನಾನು ಹೇಳಿದ್ದು ಸರಿ ಅಂದರೆ ಯಾವುದು ಸರಿ? ಜಗಳದ ದಿನ ನಾನು ಎರಡು ಮಾತು ಹೇಳಿದ್ದೆ. ಈ ಗಾಡಿ ವೈರಿಂಗ್ ಕೆಲಸ ನಿಮಗೆ ಬರುವುದಿಲ್ಲ ಎಂದೆ. ಬೇಕೆಂದೇ ಅರ್ಧಂಬರ್ಧ ಮಾಡಿ ಕಳಿಸುತ್ತಿದ್ದೀರಿ ಎಂದೂ ಅಂದೆ. ಎರಡೂ ಒಟ್ಟಿಗೆ ಸರಿಯಾಗಲು ಸಾಧ್ಯವಿಲ್ಲ. ಬಾರದವನು ಬೇಕೆಂದು ಬಿಡುವುದು ಹೇಗೆ? ಒಂದು ರಾತ್ರಿ ನಿದ್ದೆಯಿಲ್ಲದೆ ಇದನ್ನೇ ಲೆಕ್ಕ ಹಾಕಿದೆ. ಲೆಕ್ಕ ಹರಿಯಲಿಲ್ಲ.

ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಇದೇ ಮನೆಯ ಮುಂದೆ ನಮ್ಮಪ್ಪನ ಜೀಪಿನ ಹಾರನ್ನು ಕೆಟ್ಟಿತ್ತು. ಯಾರೋ ಚಿಕ್ಕಬಳ್ಳಾಪುರದ ಹುಡುಗ ಒಳ್ಳೆಯ ಕೆಲಸಗಾರನೆಂದು ಅಪ್ಪ ನಿಮ್ಮನ್ನು ಕರೆಸಿದರು. ನೀವು ಬಂದಿರಿ, ಹಾರನ್ನು ಕೂಗಿಸಿದಿರಿ, ಹೋದಿರಿ. ನಾಲ್ಕು ದಿನಕ್ಕೆ ಮತ್ತೆ ನಿಂತಿತು. ಮತ್ತೆ ಬಂದಿರಿ. ಹೀಗೆ ಏಳು ಸಲ. ಏಳನೇ ಸಲ ಅಪ್ಪ, "ಇವನಿಗೆ ಕೆಲಸ ಬರಲ್ಲ, ಹುಡುಗ ಮಾತ್ರ ಒಳ್ಳೇವ್ನು," ಎಂದು ಹೇಳಿ ಸಂಬಂಧದ ಮಾತೆತ್ತಿದರು. ಮದುವೆಯಾಗಿ ಮೂರು ತಿಂಗಳಿಗೆ ನೀವೇ ನಗುತ್ತಾ ಬಾಯಿಬಿಟ್ಟಿರಿ, ಪ್ರತಿ ಸಲವೂ ಸ್ಟೀರಿಂಗ್ ಕೆಳಗಿನ ಒಂದು ಜೋಡಣೆಯನ್ನು ಸಡಿಲವಾಗಿ ಬಿಟ್ಟು ಹೋಗುತ್ತಿದ್ದೆ ಎಂದು. ಆ ದಿನ ನನಗೆ ಎಷ್ಟು ಹೆಮ್ಮೆಯಾಯಿತೋ, ಈ ವರ್ಷ ಅದೇ ಮಾತು ನೆನೆದು ಅಷ್ಟೇ ಹೊಟ್ಟೆ ಉರಿಯಿತು. ಒಬ್ಬ ಹೆಂಗಸಿನ ಕಾರು ಒಂದೇ ಕೆಲಸಕ್ಕೆ ಆರು ಸಲ ನಿಮ್ಮ ಅಂಗಡಿಗೆ ಬಂದರೆ ಬೇರೆ ಯಾರ ಹೆಂಡತಿಯಾದರೂ ಗಂಡನಿಗೆ ಕೆಲಸ ಬರುವುದಿಲ್ಲ ಅಂದುಕೊಳ್ಳುತ್ತಾಳೆ. ನಾನು ಹಾಗೆ ಅಂದುಕೊಳ್ಳುವುದು ಹೇಗೆ?

ಆ ಬಿಳಿ ಕಾರು ಮೊದಲು ಬಂದದ್ದು ಫೆಬ್ರವರಿಯಲ್ಲಿ. ಶಿಡ್ಲಘಟ್ಟದ ಕಣ್ಣಿನ ಡಾಕ್ಟರಮ್ಮ ಕಾತ್ಯಾಯಿನಿ, ತಾನೇ ಕಾರು ಓಡಿಸಿಕೊಂಡು ಬಂದಳು. ಕತ್ತರಿಸಿದ ಕೂದಲು, ಕೈಯಲ್ಲಿ ಗಡಿಯಾರ ಬಿಟ್ಟರೆ ಏನೂ ಇಲ್ಲ. ಕಾರಿಗೆ ಟೇಪ್‌ರೆಕಾರ್ಡರ್ ಹಾಕಿಸಬೇಕಿತ್ತು. ನೀವು ಬಾನೆಟ್ ಎತ್ತಿ, ಇದು ಅಂಬಾಸಿಡರ್‌ನಂತೆ ಬೆಲ್ಟಿನಲ್ಲಿ ತಿರುಗುವ ಫ್ಯಾನಲ್ಲ ಮೇಡಂ, ಕರೆಂಟಿನದು, ಅದೂ ಎರಡು, ರೇಡಿಯೇಟರಿಗೊಂದು ಏಸಿಗೊಂದು ಎಂದು ಒಂದು ಗಂಟೆ ಪಾಠ ಮಾಡಿದಿರಿ. ಅವಳು ಏನೋ ಹೇಳಿದಳು, ನೀವು ನಕ್ಕಿರಿ. ನೀವು ನಗುವಾಗ ಪಕ್ಕೆ ಹಿಡಿದುಕೊಳ್ಳುವುದನ್ನು ನಾನು ನೋಡಿ ವರ್ಷಗಳಾಗಿದ್ದವು. ನಾನು ಕಾಫಿ ತಂದೆ, ಕೊಟ್ಟೆ, ಒಳಗೆ ಹೋದೆ. ಅಷ್ಟೇ.

ಹತ್ತು ದಿನಕ್ಕೆ ಇಂಜಿನ್ನು ಕಾದು ಹೊಗೆಯಾಡಿತೆಂದು ಕಾರು ಮತ್ತೆ ಬಂತು. ರೇಡಿಯೇಟರಿನ ಫ್ಯಾನು ತಿರುಗುತ್ತಿಲ್ಲವಂತೆ. ನಿಮ್ಮ ಮುಂದೆ ಚೆನ್ನಾಗಿಯೇ ತಿರುಗಿತು. ಫ್ಯೂಸು ಬದಲಿಸಿದಿರಿ. ಆಮೇಲೆ ರಿಲೇ ಬದಲಿಸಿದಿರಿ. ಆಮೇಲೆ, ನೀರು ಕಾದಾಗ ಫ್ಯಾನಿಗೆ ಕರೆಂಟು ಬಿಡುವ ಆ ಸ್ವಿಚ್ಚನ್ನು ಬದಲಿಸಿದಿರಿ. ಪ್ರತಿ ಸಲ ಅಂಗಡಿಯಲ್ಲಿ ತಿರುಗುವ ಫ್ಯಾನು ಅವಳ ಊರಿಗೆ ಹೋದರೆ ತಿರುಗುವುದಿಲ್ಲ! ಆ ಫ್ಯಾನಿಗೆ ಇಂಜಿನ್ನು ಕಾಯುವ ತನಕ ತಿರುಗುವ ಕೆಲಸವಿಲ್ಲವಾದ್ದರಿಂದ, ನೀವಿಬ್ಬರೂ ಅದು ಕಾಯಲೆಂದು ಅರ್ಧರ್ಧ ಗಂಟೆ ಕಾಯಬೇಕು. ಆಮೇಲೆ ಕಾರಿನಲ್ಲಿ ಕೂತು ಪರೀಕ್ಷೆಗೆಂದು ಒಂದು ಸುತ್ತು. ಗಾಜು ಪೂರ್ತಿ ಏರಿಸಿಕೊಂಡು ನಗುತ್ತಾ ಹೋಗುತ್ತಿದ್ದರು ಎಂದು ಹೂವಿನಂಗಡಿಯವಳು ನನಗೆ ಬಂದು ಹೇಳಿದಳು. ಅವಳು ಹೇಳದಿದ್ದರೂ ನನಗೆ ಕಾಣುತ್ತಿತ್ತು.

ಆದರೂ ಸುಮ್ಮನಿದ್ದೆ. ಬಾಗೇಪಲ್ಲಿಯ ಯಾರದೋ ಕಾರಿನದೆಂದು ಹೇಳಿ ನೀವು ಒಂದು ಫ್ಯಾನಿನ ಮೋಟಾರು ತಂದುಕೊಟ್ಟಿರಿ. ತಾಮ್ರದ ತಂತಿಯನ್ನು ಹೊಸದಾಗಿ ಸುತ್ತಿ, ಮೇಲೆ ನಾನು ಯಾವಾಗಲೂ ಕಟ್ಟುವ ಹಳದಿ ರೇಷ್ಮೆ ದಾರದ ಗಂಟು ಕಟ್ಟಿ ಕೊಟ್ಟೆ. ವಾರದ ಮೇಲೆ ಅದೇ ಗಂಟು ಆ ಬಿಳಿ ಕಾರಿನೊಳಗೆ ನೀವು ಬಿಚ್ಚಿಟ್ಟ ಮೋಟಾರಿನಲ್ಲಿ ನನ್ನನ್ನು ನೋಡುತ್ತಿತ್ತು. ಆ ದಿನ ನಾನು ಬಾಯಿ ಬಿಟ್ಟೆ. ಅಂಗಡಿ ಮುಂದೆ, ಗಿರಾಕಿಗಳ ಮುಂದೆ, ವೆಂಕಟರವಣಪ್ಪ ಕತ್ತು ಉದ್ದ ಮಾಡಿ ನೋಡುತ್ತಿರುವಾಗ. ನೀವು ಕರೆಂಟು ನೋಡುವ ಟೆಸ್ಟ್ ಲ್ಯಾಂಪನ್ನು ನೆಲಕ್ಕೆ ಬಡಿದಿರಿ. ಸವಿತಳ ಪರೀಕ್ಷೆ ಮುಗಿಯುತ್ತಲೇ ನಾನು ಬಸ್ಸು ಹತ್ತಿದೆ.

ಇಷ್ಟು ನಿಮಗೂ ಗೊತ್ತು. ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ.

ಮೊನ್ನೆ ಗುರುವಾರ ನಾನು ಶಿಡ್ಲಘಟ್ಟಕ್ಕೆ ಹೋಗಿದ್ದೆ. ಮನೆಯಲ್ಲಿ ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದೆ. ಸುಳ್ಳೇನಲ್ಲ. ಅಮ್ಮನಿಗೆ ಅರ್ಥವಾಯಿತು. "ಪೋನೀಲೇ, ಹೋಗ್ಲಿ ಬಿಡೇ ಆಂಜಿನಿ, ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲಾ ಹಳದಿ ಕಣೇ, ಅದಕ್ಕೆ ಆ ಡಾಕ್ಟ್ರು ಔಷಧಿ ಕೊಡಲ್ಲ," ಎಂದಳು. ಬಸ್ಸು ಚಿಕ್ಕಬಳ್ಳಾಪುರದಲ್ಲಿ ನಮ್ಮ ಅಂಗಡಿ ಮುಂದೆಯೇ ಹೋಯಿತು. ಸೆರಗು ಮುಖಕ್ಕೆ ಎಳೆದುಕೊಂಡು ನೋಡಿದೆ. ನೀವು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಿರಿ. ಒಂದು ಗಾಡಿಯೂ ಇರಲಿಲ್ಲ. ಎದುರಂಗಡಿಯಲ್ಲಿ ಮೂರು ನಿಂತಿದ್ದವು. ನಿಮ್ಮ ಅಂಗಿಯ ಗುಂಡಿ ತಪ್ಪಾಗಿ ಹಾಕಿದ್ದಿರಿ.

ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಚಿಕ್ಕವೆಂಕಟಮ್ಮ ಎಂದು ಸುಳ್ಳು ಹೆಸರು ಬರೆಸಿದೆ. ನನ್ನ ಸರದಿ ಬಂತು. ಗೋಡೆಯ ಅಕ್ಷರ ಓದಿಸಿದಳು. ಆಮೇಲೆ ಟಾರ್ಚು ಹಿಡಿದು ಮುಖದ ಹತ್ತಿರ ಮುಖ ತಂದಳು. ಅಷ್ಟು ಹತ್ತಿರದಿಂದ ಸವತಿಯನ್ನು ನೋಡುವ ಭಾಗ್ಯ ಯಾರಿಗೆ ಸಿಗುತ್ತದೆ? ಹೇಳಿಬಿಡುತ್ತೇನೆ, ಚೆನ್ನಾಗಿದ್ದಾಳೆ. ಬಾಯಲ್ಲಿ ಲವಂಗದ ವಾಸನೆ. ಫೆಬ್ರವರಿಯಿಂದ ನಿಮ್ಮ ಅಂಗಿ ಒಗೆಯುವಾಗಲೂ ಜೇಬಿನಲ್ಲಿ ನನಗೆ ಲವಂಗ ಸಿಗುತ್ತಿತ್ತಲ್ಲ!

ಓದಲು ಕನ್ನಡಕ ಬೇಕು, ದೂರದ್ದು ಏನೂ ತೊಂದರೆಯಿಲ್ಲ ಎಂದಳು. ಚೀಟಿ ಬರೆಯುವಾಗ ನನ್ನ ಬೆರಳು ನೋಡಿದಳು. ತುದಿಯಲ್ಲಿ ವಾರ್ನಿಷ್ ಕಲೆ, ತಂತಿ ಕೊಯ್ದ ಗೆರೆಗಳು, ಎಷ್ಟು ಉಜ್ಜಿದರೂ ಹೋಗದಂಥವು. "ನೀವು ಮೋಟಾರು ಸುತ್ತೋ ಕೆಲಸ ಮಾಡ್ತೀರಾ?" ಎಂದು ಕೇಳಿದಳು. ನಾನು ಬೆರಳು ಸೆರಗಿನಲ್ಲಿ ಮುಚ್ಚಿಕೊಂಡೆ. ಅವಳೇ ಮುಂದುವರಿಸಿದಳು. "ಚಿಕ್ಕಬಳ್ಳಾಪುರದಲ್ಲಿ ಮುನಿನಾರಾಯಣಪ್ಪ ಅಂತ ಇದಾರೆ. ಅವರ ಮನೆಯವರೂ ಇದೇ ಕೆಲಸ ಮಾಡ್ತಾರೆ. ಅವರು ಸುತ್ತಿದ ಮೋಟಾರು ಒಂದೂ ಸುಟ್ಟು ವಾಪಸ್ ಬಂದಿಲ್ಲವಂತೆ. ನಾನು ಬರೀ ವೈರು ಜೋಡಿಸೋನು ಮೇಡಂ, ಜೀವ ತುಂಬೋಳು ನಮ್ಮನೇವಳು ಅಂತಿದ್ರು. ಕಾರು ಕಾಯೋ ತನಕ ಅವರಿಗೆ ಬೇರೆ ಮಾತೇ ಇಲ್ಲ."

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹೊಟ್ಟೆ ಇನ್ನೂ ಉರಿಯಿತು. ಹದಿನೆಂಟು ವರ್ಷ ಅಡಿಗೆ ಮನೆಯ ಕಿಟಕಿ ಬೆಳಕಲ್ಲಿ ಕೂತು ಕಣ್ಣು ಕಳೆದುಕೊಂಡು ಸುತ್ತಿದ್ದೇನೆ. ಮುಗಿಸಿ ಕೈಗಿಟ್ಟರೆ ನೀವು ಅಂದದ್ದು "ಆಯ್ತಾ? ಇನ್ನೊಂದಿದೆ" ಅಷ್ಟೇ. ನನ್ನ ಬಗ್ಗೆ ಆಡಿದ ಒಳ್ಳೆಯ ಮಾತನ್ನೂ ಅವಳೇ ಕೇಳಬೇಕೇ? ಅದು ನನ್ನ ಮಾತು. ನನಗೆ ಬರಬೇಕಾದದ್ದು. ಅವಳ ಮೇಲಿನ ಅಸೂಯೆಗಿಂತ, ಅವಳ ಕಿವಿಯ ಮೇಲೆ ನನಗೆ ಹೆಚ್ಚು ಅಸೂಯೆಯಾಯಿತು.

ಲವಂಗದ ಕತೆಯೂ ಬಂತು. ನಿಮಗೆ ಬೀಡಿ ಬಿಡಿಸಲು ಕೊಟ್ಟದ್ದಂತೆ. ನಾನು ಹದಿನೆಂಟು ವರ್ಷ ಹೇಳಿ ಸೋತೆ. ಅವಳು ಒಂದು ಸಲ ಹೇಳಿದಳು, ನೀವು ಬಿಟ್ಟಿರಿ. ಇದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಸದ್ಯಕ್ಕಿಲ್ಲ.

ಕೊನೆಗೆ ತಡೆಯಲಾರದೆ, ನಾನೇ ಆ ಮನೆಯವಳು ಎಂದುಬಿಟ್ಟೆ. ಡಾಕ್ಟರಮ್ಮ ನಗಲಿಲ್ಲ. ಸುಳ್ಳು ಹೆಸರು ಯಾಕೆಂದೂ ಕೇಳಲಿಲ್ಲ. ಹೊರಗೆ ನಿಂತಿದ್ದ ಕಾರನ್ನು ತೋರಿಸಿ ನಿಟ್ಟುಸಿರು ಬಿಟ್ಟರು. ಹೋದ ವಾರ ಕಣ್ಣಿನ ಶಿಬಿರಕ್ಕೆಂದು ಚಿಂತಾಮಣಿಗೆ ಹೊರಟಾಗ ದಾರಿಯಲ್ಲಿ ಹೊಗೆಯೆದ್ದು ಎರಡು ಗಂಟೆ ನಿಂತರಂತೆ. ಅಲ್ಲಿ ಮುದುಕರು ಮುದುಕಿಯರು ಕಾದು ಕೂತಿದ್ದರಂತೆ. "ಅವರು ಮಾಡೋದೆಲ್ಲಾ ಮಾಡಿದ್ರು ಪಾಪ. ಮುಂದಿನ ವಾರ ಬೆಂಗಳೂರಿಗೆ ಕಳಿಸ್ತೀನಿ," ಎಂದರು. ಇಲ್ಲಿ ಆಗದ ಕೆಲಸ ಬೆಂಗಳೂರಿನಲ್ಲಿ ಆಯಿತು ಎಂದು ಊರಿಗೆ ತಿಳಿದರೆ ನಿಮ್ಮ ಅಂಗಡಿಗೆ ನೀವೇ ಬೀಗ ಹಾಕಬೇಕಿಲ್ಲ, ತಾನಾಗಿ ಬೀಳುತ್ತದೆ.

ಆಗ ನಾನು ಕೇಳಬಾರದ ಪ್ರಶ್ನೆ ಕೇಳಿದೆ. ಕೆಲಸಕ್ಕೆಂದು ಕೇಳಿದ್ದಲ್ಲ, ಹೊಟ್ಟೆಕಿಚ್ಚಿಗೆ ಕೇಳಿದ್ದು. ನಮ್ಮನೆಯವರನ್ನು ಕೂರಿಸಿಕೊಂಡು ಹೋಗುವಾಗ ಗಾಜು ಯಾಕೆ ಏರಿಸುತ್ತಿದ್ದಿರಿ ಎಂದೆ. ಅವರು ಏನೂ ಅಂದುಕೊಳ್ಳದೆ, "ಏಸಿ ಹಾಕ್ತಿದ್ದೆ, ಅವರಿಗೆ ಬಹಳ ಸೆಖೆ ಆಗ್ತಿತ್ತು," ಎಂದರು. ಒಬ್ಬರೇ ಹೋಗುವಾಗ? "ಒಬ್ಬಳೇ ಇದ್ರೆ ಹಾಕಲ್ಲಮ್ಮ. ಪೆಟ್ರೋಲು ಕುಡಿಯುತ್ತೆ." ನಿಮಗಾಗಿ ಮಾತ್ರ ಏಸಿ! ಕುದಿಯುತ್ತಾ ನಿಂತವಳಿಗೆ ಇದ್ದಕ್ಕಿದ್ದಂತೆ ನಿಮ್ಮ ಎರಡು ಫ್ಯಾನಿನ ಪಾಠ ನೆನಪಾಯಿತು. ಏಸಿ ಹಾಕಿದರೆ ಎರಡನೇ ಫ್ಯಾನು ತಿರುಗುತ್ತದೆ. ಬಾನೆಟ್ ಮುಚ್ಚಿಕೊಂಡು ಒಳಗೆ ಕೂತವರಿಗೆ ಕೇಳುವುದು ಫ್ಯಾನಿನ ಸದ್ದು ಮಾತ್ರ, ಯಾವ ಫ್ಯಾನಿನದು ಎಂದು ಯಾರಿಗೆ ಗೊತ್ತು? ಅದರ ಗಾಳಿಗೆ ಇಂಜಿನ್ನೂ ಅಷ್ಟಿಷ್ಟು ತಣ್ಣಗಿರುತ್ತದೆ. ನೀವು ಇಳಿದ ಮೇಲೆ ಏಸಿ ಇಲ್ಲ, ಆ ಫ್ಯಾನೂ ಇಲ್ಲ, ಇಂಜಿನ್ನು ಕಾಯದೆ ಏನು ಮಾಡುತ್ತದೆ?

ಏಸಿ ಹಾಕದೆ ಇಂಜಿನ್ ಶುರು ಮಾಡಿ ಎಂದೆ. ಬಾನೆಟ್ ಎತ್ತಿದೆ. ಹೊಂಗೆ ಮರದ ಕೆಳಗೆ ನಾವಿಬ್ಬರೂ ಇಪ್ಪತ್ತು ನಿಮಿಷ ಕಾದೆವು. ಒಳಗೆ ಹತ್ತು ಜನ ರೋಗಿಗಳು ಗೊಣಗುತ್ತಿದ್ದರು. ರೇಡಿಯೇಟರಿನ ಫ್ಯಾನು ತಾನಾಗಿ ತಿರುಗಿತು. ನನ್ನ ಕನ್ನಡಕದ ಚೀಟಿಯನ್ನು ಮುಂದಿನ ಜಾಲರಿಗೆ ಒಡ್ಡಿದೆ. ಒಳಗೆ ಎಳೆಯುವ ಗಾಳಿಗೆ ಚೀಟಿ ಅಂಟಿಕೊಂಡು ನಿಂತಿತು. ಬಾನೆಟ್ ಮುಚ್ಚಿದೆ. ಚೀಟಿ ಜಾರಿ ಕೆಳಗೆ ಬಿತ್ತು. ಎತ್ತಿದೆ, ಅಂಟಿತು. ಮುಚ್ಚಿದೆ, ಬಿತ್ತು. ಡಾಕ್ಟರಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದರು. ನೀವು ಆರು ಸಲವೂ ಬಾನೆಟ್ ತೆರೆದೇ ಪರೀಕ್ಷೆ ಮಾಡಿದ್ದೀರಿ. ಮುಚ್ಚಿ ಕೂತಾಗಲೆಲ್ಲ ಏಸಿ. ಆ ಫ್ಯಾನು ನಿಲ್ಲುವುದನ್ನು ನೀವು ನೋಡಲು ಸಾಧ್ಯವೇ ಇರಲಿಲ್ಲ.

ಬಾನೆಟ್ ಬೀಗದ ಕೆಳಗಿನ ಅಡ್ಡಪಟ್ಟಿಯ ಮೇಲೆ ಕೈಯಾಡಿಸಿದೆ. ಫ್ಯಾನಿಗೆ ಹೋಗುವ ವೈರು ಅಲ್ಲೇ ಇತ್ತು, ಕ್ಲಿಪ್ಪಿನಿಂದ ಹೊರಗೆ. ಮೇಲಿನ ರಬ್ಬರು ಹರಿದಿಲ್ಲ, ಒಂದು ಕಡೆ ಚಪ್ಪಟೆಯಾಗಿದೆ. ಒಳಗೆ ತಾಮ್ರ ತುಂಡಾಗಿದೆ. ಬಾನೆಟ್ ಎತ್ತಿದರೆ ತುದಿಗಳು ಮುಟ್ಟಿಕೊಳ್ಳುತ್ತವೆ, ಒತ್ತಿದರೆ ಬಿಡುತ್ತವೆ. ಟೇಪ್‌ರೆಕಾರ್ಡರಿಗೆ ವೈರು ಎಳೆಯುವಾಗ ನೀವು ಕ್ಲಿಪ್ಪು ಬಿಚ್ಚಿ, ಅವರ ಜೊತೆ ನಗುತ್ತಾ, ಮತ್ತೆ ಹಾಕುವುದನ್ನು ಮರೆತಿದ್ದೀರಿ. ಇದು ನಿಮ್ಮ ಅರ್ಧ ತಪ್ಪು.

ಉಳಿದರ್ಧ ಬರೆಯಲು ಕೈ ಓಡುತ್ತಿಲ್ಲ. ಮೊದಲ ದಿನದ ಕತೆಯಲ್ಲಿ, ಕಾಫಿ ತಂದೆ, ಕೊಟ್ಟೆ, ಒಳಗೆ ಹೋದೆ ಎಂದು ಬರೆದಿದ್ದೇನೆ. ನಡುವೆ ಒಂದು ಕೆಲಸ ಮಾಡಿದ್ದೆ, ಅದನ್ನು ಬಿಟ್ಟು ಬರೆದೆ. ನೀವಿಬ್ಬರೂ ಲೋಟ ಹಿಡಿದು ಆ ಕಡೆ ತಿರುಗಿ ನಗುತ್ತಿದ್ದಾಗ, ಎಷ್ಟು ಹೊತ್ತು ತೆರೆದಿಟ್ಟುಕೊಂಡಿರುತ್ತೀರಿ ಇದನ್ನು ಎಂದು ಬಾನೆಟ್ಟನ್ನು ಎರಡೂ ಕೈಯಿಂದ ಬಡಿದು ಮುಚ್ಚಿದ್ದೆ. ಕಾರೇ ಅಲುಗಿತು. ನೀವು, "ಮೆಲ್ಲಗೆ ಕಣೇ," ಅಂದಿರಿ. ಆ ವೈರು ತುಂಡಾದದ್ದು ಆಗ. ಆರು ಸಲ ಆ ಕಾರನ್ನು ನಿಮ್ಮ ಬಾಗಿಲಿಗೆ ಕರೆತಂದವಳು ನಾನೇ. ಅವಳ ಪಕ್ಕದಲ್ಲಿ ನಿಮ್ಮನ್ನು ಕೂರಿಸಿ, ಗಾಜು ಏರಿಸಿ, ಊರು ಸುತ್ತಿಸಿದವಳೂ ನಾನೇ. ತಾನು ಕಳ್ಳ ಪರರ ನಂಬ ಎಂಬ ಗಾದೆಯನ್ನು ಜಗಳದ ದಿನ ನಿಮ್ಮ ಮೇಲೆ ಎಸೆದಿದ್ದೆ. ವಾಪಸ್ ತೆಗೆದುಕೊಂಡಿದ್ದೇನೆ, ಅದು ನನ್ನದೇ.

ವೈರನ್ನು ನಾನೇ ಬೆಸೆಯಬಹುದಿತ್ತು. ಐದು ನಿಮಿಷದ ಕೆಲಸ. ಬೆಸೆಯಲಿಲ್ಲ. ನಿಮ್ಮ ಹೆಸರು ಕೆಟ್ಟದ್ದು ನಿಮ್ಮ ಅಂಗಡಿ ಮುಂದೆ, ಕೆಡಿಸಿದವಳು ನಾನು, ಅಲ್ಲೇ ಸರಿಹೋಗಬೇಕು. ಡಾಕ್ಟರಮ್ಮ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ದಾರಿಯುದ್ದಕ್ಕೂ ಏಸಿ ಹಾಕಿಕೊಂಡು, ಕಾರು ತರುತ್ತಾರೆ. ಯಾರಿಗೂ ಏನೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ನೀವು ನೇರವಾಗಿ ಆ ವೈರಿಗೆ ಕೈ ಹಾಕಬೇಡಿ. ಮೊದಲು ಟೆಸ್ಟ್ ಲ್ಯಾಂಪು ಹಿಡಿದು ಅಲ್ಲಿ ಇಲ್ಲಿ ನೋಡಿ. ವೆಂಕಟರವಣಪ್ಪ ಎದ್ದು ಬಂದು ಪಕ್ಕದಲ್ಲಿ ನಿಲ್ಲುವ ತನಕ ನೋಡಿ. ಆಮೇಲೆ ಜಾಲರಿಗೆ ಚೀಟಿ ಅಂಟಿಸಿ, ಬಾನೆಟ್ ಮುಚ್ಚಿ, ಬೀಳಿಸಿ ತೋರಿಸಿ. ತುಂಡು ಕತ್ತರಿಸಿ ಹೊಸ ವೈರು ಬೆಸೆದು, ಕ್ಲಿಪ್ಪಿಗೆ ಹಾಕಿ. ಈ ಸಲ ಮರೆಯಬೇಡಿ, ಅವರು ಏನು ಹೇಳಿ ನಗಿಸಿದರೂ.

ಪರೀಕ್ಷೆಗೆಂದು ಕಾರಿನಲ್ಲಿ ಸುತ್ತು ಹೋಗುವುದಿದ್ದರೆ ಗಾಜು ಇಳಿಸಿಕೊಂಡು ಹೋಗಿ. ಅವರು ಒಳ್ಳೆಯವರು, ಒಪ್ಪುತ್ತೇನೆ. ಒಳ್ಳೆಯವರೆಂದು ತಿಳಿದ ಮೇಲೆ ನನಗೆ ಉರಿ ಕಮ್ಮಿಯಾಗಿಲ್ಲ, ಬೈಯಲು ಆಗುತ್ತಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ಅಂಗಡಿ ಬಿಡಬೇಡಿ. ಇಷ್ಟು ಬರೆದದ್ದು ಈ ಒಂದು ಮಾತಿಗೆ. ನಾನಾಗಿ ಬಸ್ಸು ಹತ್ತಿ ಬರಲು ನನಗೆ ಮುಖವಿಲ್ಲ, ಜಂಬವೂ ಬಿಡುವುದಿಲ್ಲ. ಸವಿತಳ ಸ್ಕೂಲು ಒಂದನೇ ತಾರೀಖು ಶುರು. ಅಂಗಿಯ ಗುಂಡಿ ನೋಡಿ ಹಾಕಿಕೊಳ್ಳಿ.

ನೀವು ಅವರ ಮುಂದೆ ಹೇಳಿದ ಮಾತನ್ನು ನನ್ನ ಮುಂದೆ ಒಂದು ಸಲ ಹೇಳುತ್ತೀರೆಂದು ಕಾಯುತ್ತಿರುವ,
ಆಂಜಿನಮ್ಮ

ಮರೆತ ಮಾತು: ಆವುಲಪ್ಪ ಓಡಿಸುತ್ತಿರುವ ಅಪ್ಪನ ಹಳೆಯ ಜೀಪಿನ ಹಾರನ್ನು ನಿನ್ನೆಯಿಂದ ಕೂಗುತ್ತಿಲ್ಲ. ಇಲ್ಲಿಯ ಇಬ್ಬರು ಮೆಕ್ಯಾನಿಕ್ಕುಗಳು ನೋಡಿ ಕೈಚೆಲ್ಲಿದರು. ಚಿಕ್ಕಬಳ್ಳಾಪುರದಿಂದಲೇ ಕರೆಸು ಎಂದು ನಾನು ಹೇಳಿದ್ದೇನೆ. ಸ್ಟೀರಿಂಗ್ ಕೆಳಗಿನ ಜೋಡಣೆಯಲ್ಲಿ ಹಳದಿ ರೇಷ್ಮೆ ದಾರದ ಗಂಟು ಕಾಣಿಸಿದರೆ, ಒಂದೇ ಸಲಕ್ಕೆ ಬಿಚ್ಚಬೇಡಿ.